ಬಯಲುಸೀಮೆಯ ಅರಳೆ, ಕುಮಟೆಯ ಹಾಯಿ

ಹರಿಹರದ ತುಂಗಭದ್ರೆಗೆ ಹಾಯಿಹಡಗು ಎಂದೂ ಬಂದದ್ದಿಲ್ಲ. ಇಲ್ಲಿ ಜನರನ್ನು, ದನಕರುಗಳನ್ನು, ಸಂತೆಯ ಗಂಟುಮೂಟೆಗಳನ್ನು ಹೊಳೆ ದಾಟಿಸಿದ್ದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದರೆ ಹರಿಗೋಲು ಆಯಿತು. ಅದಕ್ಕೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಮುಂದು ಹಿಂದು ಎಂಬುದೂ ಇಲ್ಲ. 1868ರಲ್ಲಿ ಬೆಂಗಳೂರು-ಧಾರವಾಡ ಹೆದ್ದಾರಿಗೆ ಕಲ್ಲು ಮತ್ತು ಇಟ್ಟಿಗೆಯ 14 ಕಮಾನುಗಳ ಸೇತುವೆ ಕಟ್ಟಿ ಮುಗಿಸಿದ ಮೇಲೆ ಹರಿಗೋಲಿನವರ ಕೆಲಸವೂ ಕಡಿಮೆಯಾಯಿತು. ಇಲ್ಲಿಂದ ಕಡಲಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ನಡುವೆ ಮಲೆನಾಡಿನ ಕಾಡು, ಆಮೇಲೆ ಘಟ್ಟ. ಹೀಗಿರುವಾಗ ದಾವಣಗೆರೆ, ಹರಿಹರದವರಿಗೂ ಹಾಯಿಹಡಗಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ.

ಆದರೆ ಹಡಗಿನ ಪಯಣ ಬಂದರಿನಲ್ಲಿ ಆರಂಭವಾಗುತ್ತದೆ ಎಂದುಕೊಳ್ಳುವುದೇ ತಪ್ಪು. ಬಂದರು ಕೇವಲ ಹೊಸ್ತಿಲು. ಅಲ್ಲಿ ಹಾಯಿ ಬಿಚ್ಚುವುದಕ್ಕೆ ಎಷ್ಟೋ ದಿನ ಮೊದಲೇ ಘಟ್ಟದ ಮೇಲಿನ ಸಂತೆಯೊಂದರಲ್ಲಿ ತಕ್ಕಡಿ ತೂಗಿರುತ್ತದೆ, ಎತ್ತಿನ ಬೆನ್ನಿಗೆ ಅಂಡಿಗೆ ಏರಿರುತ್ತದೆ. ನಮ್ಮ ಶಾಲಾಪುಸ್ತಕಗಳು ಕರಾವಳಿಯ ಚರಿತ್ರೆಯನ್ನೂ ಬಯಲುಸೀಮೆಯ ಚರಿತ್ರೆಯನ್ನೂ ಬೇರೆ ಬೇರೆ ಪಾಠಗಳಲ್ಲಿ ಕಲಿಸಿವೆ. ಹಾಗಾಗಿ ಇವೆರಡನ್ನೂ ಹೊಲಿದ ದಾರ ನಮ್ಮ ಕಣ್ಣಿಗೆ ಬೀಳದೆ ಹೋಗಿದೆ.

ಬೇತೂರಿನ ಪಕ್ಕದ ಹಳ್ಳಿ

ದಾವಣಗೆರೆ ಹಳೆಯ ರಾಜಧಾನಿಯಲ್ಲ. ಬೇತೂರಿನ ಪಕ್ಕದಲ್ಲಿದ್ದ ಸಣ್ಣ ಹಳ್ಳಿ ಅದು. ಹೈದರ್ ಅಲಿ ಅದನ್ನು ಅಪ್ಪಾಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪ್ಪಾಜಿರಾಮ್ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಅವನು ಮಕ್ಕಳಿಲ್ಲದೆ ತೀರಿಕೊಂಡ ಮೇಲೂ ಟಿಪ್ಪು ಸುಲ್ತಾನರ ಕಾಲದಲ್ಲಿ ಆ ಪ್ರೋತ್ಸಾಹ ಮುಂದುವರಿಯಿತು. ಮುಸ್ಲಿಮ್ ಒಡೆಯ, ಮರಾಠಾ ಜಹಗೀರುದಾರ, ಲಿಂಗಾಯತ ವರ್ತಕರು, ಕಂಬಳಿ ನೇಯುವ ಕುರುಬರು, ಹೀಗೆ ಹಲವರ ಕೈ ಸೇರಿ ಎದ್ದ ಪೇಟೆಯಿದು. ಶ್ರೀರಂಗಪಟ್ಟಣ ಬಿದ್ದ ಎರಡು ವರ್ಷಗಳಿಗೆ, 1801ರಲ್ಲಿ, ಕಂಪನಿ ಸರ್ಕಾರದ ಪರವಾಗಿ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯನ್ನೂ ಮಲೆನಾಡನ್ನೂ ನೋಡಿಕೊಂಡು ಹರಿಹರ, ದಾವಣಗೆರೆಗಳಿಗೂ ಬಂದಿದ್ದ.

ಈ ಪೇಟೆ ಬೆಳೆದದ್ದು ಯಾವುದರ ಮೇಲೆ? ಬಿ.ಎಲ್. ರೈಸ್ 1870ರ ದಶಕದಲ್ಲಿ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಇದಕ್ಕೆ ಉತ್ತರ ಕೊಡುತ್ತದೆ. ನಗರ, ಸಾಗರ ಸೀಮೆಯ ಅಡಿಕೆ ಮತ್ತು ಮೆಣಸು ದಾವಣಗೆರೆಯ ಮೂಲಕ ಪೂರ್ವದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿಗೆ ಹಡಗಿನಲ್ಲಿ ಬಂದಿಳಿದ ಯುರೋಪಿನ, ಚೀನಾದ ಸರಕುಗಳು ಅದೇ ದಾರಿಯಲ್ಲಿ ಹಿಂದಿರುಗಿ ಬರುತ್ತಿದ್ದವು. ಅಂದರೆ ಕಡಲು ಕಾಣದ ದಾವಣಗೆರೆ ಪೂರ್ವದ ಕಡಲಿಗೂ ಪಶ್ಚಿಮದ ಘಟ್ಟಕ್ಕೂ ನಡುವಿನ ಗಂಟಾಗಿತ್ತು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಕೈಯಲ್ಲಿದ್ದ ಮಂಗಳೂರು, ಹೊನ್ನಾವರದಂಥ ಬಂದರುಗಳೂ ಮೈಸೂರಿಗೆ ಬಂದವು. ಬಿದನೂರು ಹೈದರನಗರವಾಯಿತು. ಅದೇ ಇಂದಿನ ಹೊಸನಗರ ತಾಲೂಕಿನ ನಗರ. ಘಟ್ಟದ ಮೇಲಿನ ಸಂತೆ, ಘಟ್ಟದ ಕೆಳಗಿನ ಬಂದರು ಎರಡೂ ಒಂದೇ ಆಡಳಿತಕ್ಕೆ ಸೇರಿದ್ದು ಪೇಟೆಗಳಿಗೆ ಅನುಕೂಲವಾಯಿತು.

ಹೊಳೆಯಾಚೆಗೆ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಧಾರವಾಡದ ಕಡೆಗೆ, ಕರಿನೆಲ. ಅಲ್ಲಿ ಹತ್ತಿ. ಆ ಹತ್ತಿಗೆ ಪೇಟೆಯ ಹೆಸರಾಗಲಿ, ಬೆಳೆದ ಊರಿನ ಹೆಸರಾಗಲಿ ಬರಲಿಲ್ಲ. ಬೊಂಬಾಯಿಯ ದಲಾಲರ ಬಾಯಲ್ಲೂ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯ ಪಟ್ಟಿಗಳಲ್ಲೂ ಅದು ‘ಕುಮಟಾ’ ಹತ್ತಿ. ಕುಮಟೆಯಲ್ಲಿ ಹತ್ತಿಯ ಗಿಡ ಹುಡುಕಿದರೂ ಸಿಗದು. ಅಲ್ಲಿರುವುದು ತೆಂಗು, ಭತ್ತ, ಮೀನು. ಧಾರವಾಡದ ಹತ್ತಿಗೆ ಕುಮಟೆಯ ಹೆಸರು ಬಂದದ್ದು ಅದು ಅಲ್ಲಿ ಹಡಗು ಹತ್ತುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಬೆಳೆದ ನೆಲದ ಹೆಸರನ್ನು ಬಂದರು ನುಂಗಿಹಾಕಿತು!

ಹೊಲದಿಂದ ಬಂದರಿಗೆ

ಹತ್ತಿ ಬಿಡಿಸಿದ ಮೇಲೆ ಕಾಳು ಬೇರೆ ಮಾಡಬೇಕು. ಧಾರವಾಡ ಸೀಮೆಯಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರದು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಣ್ಣ ಸರಳನ್ನು ಅಂಗಾಲಿನಿಂದ ಉರುಳಿಸುತ್ತ ಕಾಳನ್ನು ಹೊರಗೆ ತಳ್ಳುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ತುಳಿದರೂ ಸಿಗುತ್ತಿದ್ದ ಅರಳೆ ಅಷ್ಟಿಷ್ಟೇ. ಊರಿನಲ್ಲೇ ಉಳಿಯುವ ಅರಳೆಯನ್ನು ನದಾಫರು, ಅಂದರೆ ಪಿಂಜಾರರು, ಬಿಲ್ಲಿನಿಂದ ಹಿಂಜಿ ನೂಲುವವರಿಗೂ ಹಾಸಿಗೆಗೂ ಹದ ಮಾಡುತ್ತಿದ್ದರು. ದಾವಣಗೆರೆ, ಹರಿಹರ ಸುತ್ತಿನ ಹಳ್ಳಿಗಳಲ್ಲಿ ಮನೆಮಾತಾಗಿ ಕನ್ನಡವನ್ನೇ ಆಡುವ ಪಿಂಜಾರ ಕುಟುಂಬಗಳು ಇಂದಿಗೂ ಇವೆ. ಹೊರಗೆ ಹೋಗುವ ಅರಳೆಯನ್ನು ಅಂಡಿಗೆಗಳಲ್ಲಿ ತುಂಬಿ ಎತ್ತಿನ ಮೇಲೆ, ರಸ್ತೆಯಾದ ಮೇಲೆ ಗಾಡಿಗಳಲ್ಲಿ, ಶಿರಸಿಯ ಕಡೆಗೆ ಹೊಡೆಯುತ್ತಿದ್ದರು.

ಹೇರೆತ್ತುಗಳ ಹಿಂಡು ನಡೆಸುವುದರಲ್ಲಿ ಲಂಬಾಣಿಗಳ ಮುಂದೆ ಯಾರೂ ಇರಲಿಲ್ಲ. ಕಾಡಿನ ದಾರಿ, ಹುಲಿಯ ಭಯ, ಸುಂಕದ ಕಟ್ಟೆ, ಮಲೇರಿಯಾ ಎಲ್ಲವನ್ನೂ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟೆ. ಬರುವಾಗ ಬರಿಗೈಯಲ್ಲಿ ಬರುವಂತಿಲ್ಲವಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನು ಎತ್ತಿನ ಬೆನ್ನೇರುತ್ತಿದ್ದವು. ಬಯಲುಸೀಮೆಯ ಎಷ್ಟೋ ಮನೆಗಳ ಸಾರಿಗೆ ಬಿದ್ದ ಉಪ್ಪು ಹೀಗೆ ಅರಳೆಯ ಬದಲಿಗೆ ಬಂದದ್ದು.

ಹೊರಡುವ ಹೊತ್ತು

ಕುಮಟೆಯದು ದೊಡ್ಡ ಹಡಗು ಒಳಗೆ ಬಂದು ನಿಲ್ಲುವಂಥ ಬಂದರಲ್ಲ. ಸಣ್ಣ ಅಳಿವೆ, ಅದರ ಬಾಯಲ್ಲಿ ಮರಳದಿಬ್ಬ, ಎದುರಿಗೆ ಬಯಲು ಕಡಲು. ಆದರೆ ಪತ್ತೆಮಾರಿಗೆ ಅಷ್ಟು ಸಾಕು. ಪತ್ತೆಮಾರಿ ನಮ್ಮ ಪಶ್ಚಿಮ ಕರಾವಳಿಯ ಸರಕು ಹಡಗು. ಸಾಮಾನ್ಯವಾಗಿ ಎರಡು ಕೂವೆಮರ. ಮರಕ್ಕೆ ಓರೆಯಾಗಿ ಎತ್ತಿ ಕಟ್ಟಿದ ಉದ್ದನೆಯ ತೊಲೆಯಿಂದ ಇಳಿಬಿದ್ದ ಮೂರು ಮೂಲೆಯ ಹಾಯಿ. ಈ ಓರೆ ಹಾಯಿಯ ಹೆಚ್ಚುಗಾರಿಕೆಯೆಂದರೆ, ಗಾಳಿ ಹಿಂದಿನಿಂದಲೇ ಬೀಸಬೇಕೆಂಬ ಹಟವಿಲ್ಲ. ಪಕ್ಕದಿಂದ ಬಂದರೂ ಅದು ಗಾಳಿಯನ್ನು ಹಿಡಿದುಕೊಳ್ಳುತ್ತದೆ.

ಮುಂಗಾರು ಶುರುವಾದರೆ ಈ ಕಡಲು ಮುಚ್ಚಿದಂತೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಡಗುಗಳನ್ನು ದಡಕ್ಕೆ ಎಳೆದು, ತೆಂಗಿನ ಗರಿಯ ಚಪ್ಪರ ಹಾಕಿ, ಹಲಗೆಗಳ ಸಂದಿಗೆ ಹತ್ತಿ ತುರುಕಿ, ಎಣ್ಣೆ ಬಳಿದು ದುರಸ್ತಿ ಮಾಡುತ್ತಿದ್ದರು. ಅಲ್ಲಿಯೂ ಹತ್ತಿಯೇ! ಶ್ರಾವಣದ ನೂಲು ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಖಾರ್ವಿಗಳು ಹೊಸ ಹಂಗಾಮನ್ನು ತೆರೆಯುತ್ತಿದ್ದರು. ಅದೇ ದಂಡೆಯಲ್ಲಿ ಮುಸ್ಲಿಮ್ ನಾವಿಕರು ಫಾತಿಹಾ ಓದಿ, ನೀರಿನ ದಾರಿಯ ಕಾವಲುಗಾರನೆಂದು ಜನ ನಂಬಿದ ಖ್ವಾಜಾ ಖಿಜ್ರ್‌ರನ್ನು ನೆನೆಯುತ್ತಿದ್ದರು. ನಾವೆಯನ್ನೇರುವಾಗ ಪ್ರವಾದಿ ನೂಹ್ (ಅ) ಹೇಳಿದ ಪ್ರಾರ್ಥನೆ ಕುರ್‌ಆನಿನ ಹೂದ್ ಅಧ್ಯಾಯದಲ್ಲಿದೆ. ಹಡಗು ಚಲಿಸುವುದೂ ಅವನ ಹೆಸರಿನಲ್ಲಿ, ನಿಲ್ಲುವುದೂ ಅವನ ಹೆಸರಿನಲ್ಲಿ ಎಂಬ ಭಾವದ ಆ ಮಾತನ್ನು ಕಡಲ ಪಯಣಕ್ಕೆ ಹೊರಡುವ ಮುಸ್ಲಿಮರು ಇಂದಿಗೂ ಹೇಳಿಕೊಳ್ಳುತ್ತಾರೆ. ಕಾಯಿ ಒಡೆದವನೂ ಫಾತಿಹಾ ಓದಿದವನೂ ಹೆದರುತ್ತಿದ್ದುದು ಒಂದೇ ಅಲೆಗೆ.

ಹಾಗಾದರೆ ಬೊಂಬಾಯಿಗೆ ಹೋಗುವುದು ಹೇಗೆ? ಮಳೆ ಕಳೆದ ಮೇಲೆ ಈ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾದಾಗ ದಡದಿಂದ ಕಡಲಿಗೆ ಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಕಡಲಿನಿಂದ, ಹೆಚ್ಚಾಗಿ ವಾಯವ್ಯದಿಂದ, ದಡಕ್ಕೆ ಬೀಸುತ್ತದೆ. ನಾಖುದಾ ರಾತ್ರಿಯ ನೆಲಗಾಳಿ ಹಿಡಿದು ಹೊರಗೆ, ಉತ್ತರದ ಕಡೆಗೆ ಹೊರಡುತ್ತಿದ್ದ. ಮಧ್ಯಾಹ್ನದ ಕಡಲಗಾಳಿಯಲ್ಲಿ ಓರೆಯಾಗಿ ದಡದತ್ತ ಸರಿದು ಬರುತ್ತಿದ್ದ. ಗಾಳಿ ತೀರಾ ಎದುರಾದರೆ ಲಂಗರು ಇಳಿಸಿ ಕತ್ತಲಾಗುವುದನ್ನು ಕಾಯುತ್ತಿದ್ದ. ಹೀಗೆ ಹಾವಿನ ನಡೆಯಲ್ಲಿ, ಕಾರವಾರ, ಗೋವಾ, ಮಾಲವಣ, ರತ್ನಾಗಿರಿಗಳ ಗುಡ್ಡಗಳನ್ನು ಗುರುತಿಟ್ಟುಕೊಂಡು ಬೊಂಬಾಯಿ ಮುಟ್ಟಬೇಕು. ಬರುವಾಗ ಮಾತ್ರ ಅದೇ ವಾಯವ್ಯದ ಗಾಳಿ ಬೆನ್ನಿಗಿರುವುದರಿಂದ ದಾರಿ ಸಲೀಸು. ನಕಾಶೆ ಓದಲು ಬಾರದ ಎಷ್ಟೋ ನಾವಿಕರು ನಕ್ಷತ್ರಗಳನ್ನೂ ನೀರಿನ ಬಣ್ಣವನ್ನೂ ಓದುತ್ತಿದ್ದರು.

ಈ ಪಯಣದ ಕನ್ನಡವನ್ನೇ ಗಮನಿಸಿ. ಬಂದರು ಪಾರಸಿಯದು. ಲಂಗರು ಪಾರಸಿಯದು. ನಾಖುದಾ ಎಂದರೆ ಪಾರಸಿಯಲ್ಲಿ ನಾವೆಯ ಒಡೆಯ. ಖಲಾಸಿ ಅರಬಿ ಮೂಲದ್ದು. ಇಂಗ್ಲಿಷರು ನಮಗೆ ಕಲಿಸಿದರೆಂದು ನಾವು ನಂಬಿರುವ ‘ಮಾನ್ಸೂನ್’ ಕೂಡ ಹಂಗಾಮು ಎಂಬರ್ಥದ ಅರಬಿಯ ‘ಮೌಸಿಮ್’ನಿಂದ ಬಂದದ್ದು. ಇವುಗಳ ಜೊತೆಯಲ್ಲೇ ಹಾಯಿ, ಕೂವೆ, ಅಳಿವೆ, ದೋಣಿ ಎಂಬ ನಮ್ಮ ನೆಲದ ಮಾತುಗಳೂ ಇವೆ. ಒಂದೇ ಹಡಗಿನಲ್ಲಿ ಕೂಡಿ ದುಡಿಯದೆ ಹೀಗೆ ಮಾತುಗಳು ಬೆರೆಯುವುದಿಲ್ಲ.

ಹೊನ್ನಾವರ ಕಂಡ ಪ್ರವಾಸಿ, ತದಡಿ ಬಿಟ್ಟ ರಾಯಭಾರಿಗಳು

ಕುಮಟೆಯ ಹತ್ತಿ ವ್ಯಾಪಾರಕ್ಕಿಂತ ಈ ಕಡಲದಾರಿ ಎಷ್ಟೋ ಹಳೆಯದು. 1342ರಲ್ಲಿ ದಿಲ್ಲಿಯಿಂದ ಹೊರಟ ಇಬ್ನ್ ಬತೂತಾ ಖಂಭಾತ ಕೊಲ್ಲಿಯಲ್ಲಿ ಹಡಗೇರಿ ದಂಡೆಯಗುಂಟ ದಕ್ಷಿಣಕ್ಕೆ ಬಂದ. ಗೋವಾ ದಾಟಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡ. ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಬರೆದ. ಹೊಲಿಗೆಯಿಲ್ಲದ ಸೀರೆ ಉಟ್ಟ ಅಲ್ಲಿನ ಮುಸ್ಲಿಮ್ ಮಹಿಳೆಯರಿಗೆ ಕುರ್‌ಆನ್ ಕಂಠಸ್ಥವಾಗಿದ್ದುದನ್ನು ಮೆಚ್ಚಿಕೊಂಡ. ಹುಡುಗಿಯರಿಗಾಗಿಯೇ ಅಷ್ಟು ಶಾಲೆಗಳನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳಿದ. ಬಾರ್ಕೂರಿನ ಹಿಂದೂ ದೊರೆಯ ಯುದ್ಧನೌಕೆಗಳಿಗೆ ಮುಸ್ಲಿಮನೊಬ್ಬ ನಾಯಕನಾಗಿದ್ದನೆಂದೂ, ಅವನು ವರ್ತಕರನ್ನು ದೋಚುವ ಕಡಲ್ಗಳ್ಳನೆಂದೂ ಮುಚ್ಚುಮರೆಯಿಲ್ಲದೆ ಬರೆದ.

ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ‘ಹರ್ಯಬ್’ ಎಂಬ ಹಿಂದೂ ದೊರೆಯ ಅಧೀನದಲ್ಲಿದ್ದ ಎನ್ನುತ್ತಾನೆ ಇಬ್ನ್ ಬತೂತಾ. ಇದು ವಿಜಯನಗರದ ಮೊದಲನೆಯ ಹರಿಹರನೆಂದು ಇತಿಹಾಸಕಾರರು ಗುರುತಿಸುತ್ತಾರೆ. ನಮ್ಮ ಹರಿಹರ ಊರಿಗೆ ಹೆಸರು ಬಂದದ್ದು ಈ ಅರಸನಿಂದಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿಯ ಹರಿಹರೇಶ್ವರನಿಂದ. ಅರ್ಧ ಶಿವ, ಅರ್ಧ ವಿಷ್ಣುವಾದ ಆ ಮೂರ್ತಿ ಎರಡು ಪಂಥಗಳ ಜಗಳಕ್ಕೆ ಕನ್ನಡಿಗರು ಕಂಡುಕೊಂಡ ಉತ್ತರವೂ ಹೌದು. ಆ ದೇವರ ಹೆಸರು ಹೊತ್ತ ಅರಸನ ಕೆಳಗೆ ಶಾಫಿ ಪಂಥದ ಸುಲ್ತಾನನೊಬ್ಬ ಬಂದರು ನಡೆಸುತ್ತಿದ್ದ. ಕಪ್ಪ ಕೊಟ್ಟದ್ದು ಪ್ರೀತಿಯಿಂದಲ್ಲ, ಬಲಕ್ಕೆ ಮಣಿದು ಇರಬಹುದು. ಆದರೂ ಬಂದರು ತೆರೆದಿತ್ತು ಎಂಬುದು ಮುಖ್ಯ.

ಇನ್ನೊಂದು ಹೊರಡುವಿಕೆ 1786ರ ಮಾರ್ಚ್‌ನದು. ಕುಮಟೆಯ ಪಕ್ಕದಲ್ಲಿಯೇ, ಅಘನಾಶಿನಿ ಕಡಲು ಸೇರುವಲ್ಲಿರುವ ತದಡಿ ಬಂದರಿನಿಂದ ಟಿಪ್ಪು ಸುಲ್ತಾನರ ರಾಯಭಾರಿಗಳು ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲಿಗೆ ಹೊರಟರು. ಮುಂಗಾರಿಗೆ ಮೊದಲೇ ಮಸ್ಕತ್ ತಲುಪುವ ಲೆಕ್ಕ. ಖರ್ಚು ತೂಗಿಸಲು ಮೆಣಸು, ಶ್ರೀಗಂಧ, ಏಲಕ್ಕಿಯಂಥ ಮಲೆನಾಡಿನ ಸರಕು ಜೊತೆಗಿತ್ತು. ತಂಡದಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಬರೆದಿಟ್ಟ ಪಾರಸಿ ದಿನಚರಿಯನ್ನು ಇತಿಹಾಸಕಾರ ಮುಹಿಬ್ಬುಲ್ ಹಸನ್ ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ಆ ಪಯಣ ಸುಖದ್ದಾಗಿರಲಿಲ್ಲ. ಹಡಗುಗಳು ಹೋದವು, ರೋಗಕ್ಕೆ ಜನ ಹೋದರು, ರಾಜಕೀಯವಾಗಿ ಹೆಚ್ಚೇನೂ ದಕ್ಕಲಿಲ್ಲ. ಆದರೆ ದೊರೆಯ ರಾಯಭಾರವೂ ಕೂಡ ಮಲೆನಾಡಿನ ಮೆಣಸನ್ನು ನೆಚ್ಚಿಕೊಂಡೇ ಹಾಯಿ ಬಿಚ್ಚಿತ್ತು ಎಂಬುದನ್ನು ಆ ದಿನಚರಿ ತಿಳಿಸುತ್ತದೆ.

ಅಮೆರಿಕದ ಯುದ್ಧ, ನಮ್ಮ ಹತ್ತಿ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಬಿದ್ದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಇಲ್ಲವಾಯಿತು. ಎಲ್ಲರ ಕಣ್ಣು ಭಾರತದ ಕಡೆ ತಿರುಗಿತು. ಹತ್ತಿಯ ಬೆಲೆ ಏರಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಯನ್ನು ಒಡೆದು, ಉತ್ತರ ಭಾಗವನ್ನು 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಗೆ ಒಳ್ಳೆಯ ರಸ್ತೆ, ಕಾರವಾರದಲ್ಲಿ ಬಂದರು ಬೇಕೆಂಬ ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳ ಒತ್ತಾಯ ಇದರ ಹಿಂದಿತ್ತು. ಕರಾವಳಿ ಕನ್ನಡಿಗರು ಎರಡು ಪ್ರಾಂತಗಳಾಗಿ ಒಂದು ಶತಮಾನದ ಕಾಲ ಬೇರೆಯಾಗಿ ಉಳಿದದ್ದಕ್ಕೆ ಅರಳೆಯೂ ಒಂದು ಕಾರಣ.

ಬೆಲೆ ಏರಿದಾಗ ನಂಬಿಕೆ ಇಳಿಯಿತು. ಅಂಡಿಗೆಗೆ ಕಾಳು, ಮಣ್ಣು ಬೆರೆಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು ಹೆಚ್ಚಾಗಿ 1863ರಲ್ಲಿ ಬೊಂಬಾಯಿ ಸರ್ಕಾರ ಹತ್ತಿ ಮೋಸದ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು. ಲಾಭದ ದೊಡ್ಡ ಪಾಲು ಬೊಂಬಾಯಿಯ ವರ್ತಕರಿಗೆ ಸಂದಿತು. ಕಾಲಿನಿಂದ ಕಾಳು ತುಳಿದ ಹೆಂಗಸಿಗೂ ಸಾಲ ಮಾಡಿ ಬಿತ್ತಿದ ರೈತನಿಗೂ ಅದರ ಚೂರೂಪಾರು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಬೊಂಬಾಯಿಯ ಎಷ್ಟೋ ಪೇಢಿಗಳು ಮುಳುಗಿದವು. ಲಿಂಕನ್‌ನ ನಾಡಿನ ಗುಲಾಮರ ಬಿಡುಗಡೆಯ ಸಮರಕ್ಕೂ ರಾಣೆಬೆನ್ನೂರಿನ ರೈತನ ಸಾಲದ ಪತ್ರಕ್ಕೂ ನಡುವೆ ಓಡಾಡಿದ್ದು ಈ ಹಾಯಿಹಡಗುಗಳೇ.

ರೈಲು ಬಂತು

ಹಾಯಿಯನ್ನು ಇಳಿಸಿದ್ದು ಬಿರುಗಾಳಿಯಲ್ಲ, ರೈಲು. 1880ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿ, ಧಾರವಾಡದ ಹತ್ತಿ ರೈಲಿನಲ್ಲಿ ಗೋವೆಯ ಮುರಗಾಂವ್ ಬಂದರಿಗೆ ಹೋಗತೊಡಗಿತು. 1889ರಲ್ಲಿ ಬೆಂಗಳೂರಿನ ಕಡೆಯಿಂದ ಬಂದ ಹಳಿ ದಾವಣಗೆರೆ ದಾಟಿ ಹರಿಹರ ಮುಟ್ಟಿತು. ಪುಣೆಯ ದಾರಿಯೂ ಕೂಡಿಕೊಂಡಿತು. ಮುಂಗಾರೆಂದು ಮೂರು ತಿಂಗಳು ಕಾಯಬೇಕಿಲ್ಲ, ಘಟ್ಟ ಇಳಿಯಬೇಕಿಲ್ಲ. ದಾವಣಗೆರೆಗೆ ಅದು ಅದೃಷ್ಟ ತಂದಿತು. ಜಿನ್ನುಗಳು ಬಂದವು, 1930ರ ದಶಕದಲ್ಲಿ ಹತ್ತಿ ಗಿರಣಿ ಎದ್ದಿತು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೂ ಬಂತು. ಕುಮಟೆಯ ಗೋದಾಮುಗಳು ಮಾತ್ರ ಬರಿದಾದವು. ಆ ಮೇಲೆ ದಾವಣಗೆರೆಯ ಗಿರಣಿಗಳ ಸದ್ದೂ ಅಡಗಿತು. ಕುಮಟಾ ಎಂಬ ಹೆಸರು ಮಾತ್ರ ಹತ್ತಿ ತಳಿಶಾಸ್ತ್ರದ ಪುಸ್ತಕಗಳಲ್ಲಿ ಉಳಿದುಕೊಂಡಿತು. ಜಯಧರದಂಥ ತಳಿಗಳ ವಂಶಾವಳಿಯಲ್ಲಿ ಅದನ್ನು ಇಂದಿಗೂ ಕಾಣಬಹುದು.

ಪತ್ತೆಮಾರಿಗಳು ಅಷ್ಟಕ್ಕೇ ಸಾಯಲಿಲ್ಲ. ಮಂಗಳೂರು ಹಂಚು, ತೆಂಗು, ಮರ ಹೊತ್ತು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಓಡಾಡಿದವು. ಆಮೇಲೆ ಯಂತ್ರದ ದೋಣಿಗಳು, ಲಾರಿಗಳು ಬಂದವು.

ಅಮಾನತ್

ಈ ಹಳೆಯ ಕಥೆಯಿಂದ ಇಂದು ನಮಗೇನು? ಹಾಯಿಹಡಗಿನ ವ್ಯಾಪಾರ ನಿಂತಿದ್ದು ಒಂದೇ ಒಂದು ಮಾತಿನ ಮೇಲೆ: ಅಮಾನತ್. ಲಿಂಗಾಯತ ವರ್ತಕ ತನ್ನ ಸರಕನ್ನು ಲಂಬಾಣಿಯ ಎತ್ತಿಗೆ ಒಪ್ಪಿಸುತ್ತಿದ್ದ. ಅದು ಕೊಂಕಣಿ ಮಾತಾಡುವ ದಲಾಲನ ಗೋದಾಮು ಸೇರುತ್ತಿತ್ತು. ಅಲ್ಲಿಂದ ನವಾಯತನೋ ಖಾರ್ವಿಯೋ ನಡೆಸುವ ಹಡಗು ಏರುತ್ತಿತ್ತು. ಒಬ್ಬರ ದೇವರು ಇನ್ನೊಬ್ಬರಿಗೆ ಇಲ್ಲ. ಒಬ್ಬರ ಅಡಿಗೆ ಇನ್ನೊಬ್ಬರು ಉಣ್ಣುತ್ತಿರಲಿಲ್ಲ. ಆದರೂ ಹುಂಡಿಯ ಚೀಟಿ ನೂರಾರು ಮೈಲಿ ದೂರದಲ್ಲಿ ಹಣವಾಗುತ್ತಿತ್ತು. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಒಬ್ಬನ ಸರಕನ್ನು ನೀರಿಗೆಸೆದರೆ ಆ ನಷ್ಟವನ್ನು ಉಳಿದವರೂ ಹಂಚಿಕೊಳ್ಳಬೇಕೆಂಬ ಕಟ್ಟಳೆ ಕಡಲ ವ್ಯಾಪಾರದಲ್ಲಿ ಬಹು ಹಿಂದಿನಿಂದಲೂ ಇದೆ. ಸಾಲದ ಕೊಡುಕೊಳೆಯನ್ನು ಸಾಕ್ಷಿಯಿಟ್ಟು ಬರೆದುಕೊಳ್ಳಿ ಎಂದು ಹೇಳುವುದಕ್ಕೆ ಕುರ್‌ಆನ್ ತನ್ನ ಅತಿ ಉದ್ದನೆಯ ಸೂಕ್ತವನ್ನೇ ಮೀಸಲಿಟ್ಟಿದೆ. ಆ ಕಾಲದವರು ನಮಗಿಂತ ಒಳ್ಳೆಯವರಾಗಿದ್ದರೆಂದಲ್ಲ. ಮೋಸವೂ ಇತ್ತು, ಕಡಲ್ಗಳ್ಳತನವೂ ಇತ್ತು, ಜಾತಿಯ ಗೋಡೆಯೂ ಇತ್ತು. ಆದರೆ ‘ನಿನ್ನ ಕೈಯಿಂದ ಕೊಳ್ಳುವುದಿಲ್ಲ’ ಎಂದವನ ಹಡಗು ಹೊರಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

2022ರಲ್ಲಿ ಇದೇ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಬಳೆ, ಬಲೂನು, ಹಣ್ಣು ಮಾರಿ ಬದುಕುವ ಬಡಪಾಯಿಗಳು ಬೇರೆ ಊರಿನ ದಾರಿ ಹಿಡಿದರು. ಅದನ್ನು ಸಮರ್ಥಿಸಿದವರು ‘ಇವರು ಹೊರಗಿನವರು’ ಎನ್ನುವಾಗ ಅವರ ಬಾಯಲ್ಲೇ ಬಂದರು, ಲಂಗರು, ದಲಾಲಿ, ಬಜಾರು ಎಂಬ ಮಾತುಗಳಿದ್ದವು. ಯಾವುದು ಹೊರಗಿನದು, ಯಾವುದು ಒಳಗಿನದು? ನಾವೂ ಈ ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳಬೇಕು. ನಮ್ಮ ಚರಿತ್ರೆಯೆಂದರೆ ಸುಲ್ತಾನರ ಕೋಟೆ, ಕತ್ತಿಗಳೆಂದು ನಮ್ಮ ಮಕ್ಕಳಿಗೆ ಹೇಳುತ್ತ ಬಂದು, ಹತ್ತಿ ಹಿಂಜಿದ ಪಿಂಜಾರನನ್ನೂ ಹಾಯಿ ಬಿಚ್ಚಿದ ಖಲಾಸಿಯನ್ನೂ ಮರೆತದ್ದರಲ್ಲಿ ನಮ್ಮ ಪಾಲೂ ಇದೆ.

ಹರಿಹರದ ಸೇತುವೆಯ ಮೇಲೆ ನಿಂತರೆ ತುಂಗಭದ್ರೆ ಪೂರ್ವದ ಕಡಲಿನತ್ತ ಹರಿಯುವುದು ಕಾಣುತ್ತದೆ. ಅರಳೆಯ ಅಂಡಿಗೆಗಳು ಹೋದದ್ದು ಪಶ್ಚಿಮದ ಕಡಲಿಗೆ. ನೀರಿನ ದಾರಿಯನ್ನು ಇಳಿಜಾರು ನಿರ್ಧರಿಸಿತು. ಅರಳೆಯ ದಾರಿಯನ್ನು ಮಾಡಿದವರು ಮನುಷ್ಯರು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತ. ಆ ಕೈಗಳಲ್ಲಿ ಒಂದು ಹಿಂದಕ್ಕೆ ಸರಿದಿದ್ದರೂ ಕುಮಟೆಯಲ್ಲಿ ಹಾಯಿ ಏರುತ್ತಿರಲಿಲ್ಲ.